ಹೆಂಗಸರ ಕಡೆಯ ವಿಡಿಯೋ ಮತ್ತು ಒಂದು ಎಸ್‌ಎಸ್‌ಡಿ

ಇವತ್ತು ಮಾಡಿದ ಕೆಲಸಗಳು: ಆರು ಗಂಟೆಗೆ ನಳ್ಳಿಯಲ್ಲಿ ನೀರು ಬಂತು, ಟ್ಯಾಂಕಿ ತುಂಬಿಸಿದೆ. ಬಸಳೆ ಚಪ್ಪರಕ್ಕೆ ಹೊಸ ಹಗ್ಗ ಕಟ್ಟಿದೆ. ಮೀನಿನವಳ ಹತ್ತಿರ ಬೂತಾಯಿ ತೆಗೆದುಕೊಂಡು, ತೊಳೆದು, ಉಪ್ಪು ಅರಶಿನ ಹಚ್ಚಿಟ್ಟೆ. ದೇರೆಬೈಲಿನ ಮೆಡಿಕಲ್‌ಗೆ ನಡೆದು ಹೋಗಿ ನನ್ನವರ ಬಿಪಿ ಮಾತ್ರೆ ತಂದೆ. ಮಿಕ್ಸಿಯ ಪ್ಲಗ್ಗಿನೊಳಗೆ ಒಂದು ವಯರು ಸಡಿಲಾಗಿತ್ತು, ಬಿಗಿ ಮಾಡಿದೆ. ಅದಕ್ಕೆ ಬೇಕಾಗಿ ಕನ್ನಡಕ ಹುಡುಕಿದೆ, ಅಕ್ಕಿ ಡಬ್ಬದ ಮೇಲಿತ್ತು. ಹತ್ತೂವರೆಗೆ ತಂಗಿಯ ಮಗಳು ದೀಕ್ಷಾಳ ಫೋನ್ ಬಂತು.

ದೀಕ್ಷಾ ಕಳೆದ ವಾರವಷ್ಟೇ ಒಂದು ಕಂಪ್ಯೂಟರ್ ಅಂಗಡಿಯ ಸರ್ವಿಸ್ ಟೇಬಲ್‌ಗೆ ಸೇರಿದ್ದಾಳೆ. ಸ್ವರ ಸಣ್ಣ ಮಾಡಿಕೊಂಡು ಕೇಳಿದಳು: "ದೊಡ್ಡಮ್ಮ, ಒಬ್ರು ಬಂದಿದ್ದಾರೆ. ಫಾಸ್ಟ್ ಇರುವ, ದೊಡ್ಡ ಎಸ್‌ಎಸ್‌ಡಿ ಬೇಕಂತೆ. ಯಾವುದು ಹೇಳ್ಲಿ?"

"ಅವರು ಎಂತ ಕೆಲಸ ಮಾಡುದಂತ ಕೇಳಿದ್ಯಾ?"

"ಇಲ್ಲ."

"ಹೋಗಿ ಕೇಳು. ಆಮೇಲೆ ಫೋನ್ ಮಾಡು."

ಅವಳು ಇನ್ನೂ ಫೋನ್ ಮಾಡಿಲ್ಲ. ಬಹುಶಃ ಗ್ರಾಹಕರು ಮಾತಿಗೆ ಕೂತಿರಬೇಕು. ಒಳ್ಳೆಯದೇ. ಅಷ್ಟರಲ್ಲಿ ಅವಳಿಗೂ ಅವಳ ಹಾಗೆ ಹೊಸದಾಗಿ ಈ ಟೇಬಲ್‌ಗೆ ಬರುವವರಿಗೂ ಎಂದು ಇದನ್ನು ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿ ಅಲ್ಲ ಇದು.

ಕಂಕನಾಡಿಯಲ್ಲಿ ಹಸನಾಕ ಅವರ ಅಂಗಡಿಯಲ್ಲಿ ನಾನು ಇಪ್ಪತ್ತೇಳು ವರ್ಷ ಕೆಲಸ ಮಾಡಿದೆ. ಅವರ ಹೆಸರು ಹಸನ್. ಇಲ್ಲಿನ ಬ್ಯಾರಿ ಮುಸ್ಲಿಮರಲ್ಲಿ ಹಿರಿಯರ ಹೆಸರಿಗೆ ಹಾಗೆ ಬಾಲ ಸೇರಿಸಿ ಕರೆಯುವುದು ಕ್ರಮ. ಮಾರ್ಕೆಟಿನವರು, ಆಸ್ಪತ್ರೆಯವರು, ನಾವು ಕೆಲಸದವರು ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಐವತ್ತೈದಕ್ಕೇ ಕೆಲಸ ಬಿಟ್ಟೆ, ಕಣ್ಣಿನ ದೆಸೆಯಿಂದ. ಈಗಿನ ಎಸ್‌ಎಸ್‌ಡಿ ಡ್ರೈವಿನ ಸ್ಕ್ರೂ ಸಾಸಿವೆಗಿಂತ ತುಸು ದೊಡ್ಡದು, ಅಷ್ಟೆ. ಅದು ಒಮ್ಮೆ ಟೇಬಲಿನಿಂದ ಬಿದ್ದರೆ ಅಂಗಡಿಯವರೆಲ್ಲ ನೆಲದಲ್ಲಿ ಮೊಣಕಾಲೂರಬೇಕು. ಒಂದೇ ವಾರದಲ್ಲಿ ಮೂರು ಸಲ ಹಾಗಾದ ಮೇಲೆ ಸಾಕು ಅನ್ನಿಸಿತು.

ನಾನು ಸೇರಿದಾಗ, ಕಂಪ್ಯೂಟರಿನಲ್ಲಿ ಫೈಲುಗಳನ್ನು ಉಳಿಸಿಡುವ ಹಾರ್ಡ್‌ಡಿಸ್ಕಿನ ಕಾಲ. ಅವು ಮಾತಾಡುತ್ತಿದ್ದವು. ಹಾಳಾಗುವ ಡಿಸ್ಕು ವಾರದ ಮುಂಚಿನಿಂದಲೇ ಟಕ್ ಟಕ್ ಎಂದು ಸೂಚನೆ ಕೊಡುತ್ತಿತ್ತು. ಕಂಪ್ಯೂಟರಿನ ಕೇಸಿಗೆ ಕಿವಿಯಿಟ್ಟು, "ಇದನ್ನು ಇವತ್ತೇ ಕಾಪಿ ಮಾಡಿ" ಎನ್ನುತ್ತಿದ್ದೆ. ಎಸ್‌ಎಸ್‌ಡಿ ಬಂದ ಮೇಲೆ ಆ ವಿದ್ಯೆ ಉಪಯೋಗಕ್ಕೆ ಬಾರದಾಯಿತು. ಕೆಲಸ ಅದೇ, ರೂಪ ಮಾತ್ರ ಬೆರಳುದ್ದದ ಪಟ್ಟಿ, ಸದ್ದಿಲ್ಲ, ಅಲುಗುವ ಭಾಗವಿಲ್ಲ. ಹೋದರೆ ಹೇಳದೇ ಹೋಗುತ್ತದೆ. ಆದರೆ ಮೊದಲ ಸಲ ಹಳೇ ಕಂಪ್ಯೂಟರಿಗೆ ಅದನ್ನು ಹಾಕಿ ಸ್ವಿಚ್ ಒತ್ತಿದಾಗ ಆದ ಖುಷಿ ಇನ್ನೂ ಮೈಯಲ್ಲುಂಟು. ಚಾ ಕುಡಿದು ಮುಗಿಯುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದ ಯಂತ್ರ, ಚಾದ ಲೋಟ ಕೈಗೆತ್ತಿಕೊಳ್ಳುವುದರೊಳಗೆ ತಯಾರು! ಹಸನಾಕ ಮೂರು ಸಲ ಆಫ್ ಮಾಡಿ ಆನ್ ಮಾಡಿಸಿದರು, ನಂಬಿಕೆ ಬರಲಿಕ್ಕೆ.

ನನ್ನ ಮೂರ್ಖತನದ್ದೂ ಒಂದು ಹೇಳಿಬಿಡುತ್ತೇನೆ. ವೇಗದ ಡ್ರೈವು ಬಿಸಿಯಾಗುತ್ತದೆ, ಅದರ ಮೇಲೆ ಲೋಹದ ಹಾಳೆ ಕೂರಿಸಬೇಕು, ಬಿಸಿಯನ್ನು ಹಾಳೆಗೆ ದಾಟಿಸಲು ನಡುವೆ ಮೆತ್ತನೆಯ ಪ್ಯಾಡ್. ಒಬ್ಬ ವಕೀಲರ ಕಂಪ್ಯೂಟರಿಗೆ ಹಾಗೆ ಕೂರಿಸಿ ಕಳಿಸಿದೆ. ಪ್ರತಿದಿನ ಮಧ್ಯಾಹ್ನ ಅದು ಆಮೆಯಾಗುತ್ತಿತ್ತು. ಒಳಗಿನ ಮದರ್‌ಬೋರ್ಡಿಗೆ ಬೈದೆ, ವಿಂಡೋಸಿಗೆ ಬೈದೆ, ಅವರ ಆಫೀಸಿನ ಸೆಕೆಗೂ ಬೈದೆ. ನಾಲ್ಕನೇ ಸಲ ಬಿಚ್ಚಿದಾಗ ಕಂಡಿತು: ಪ್ಯಾಡಿನ ಮೇಲಿನ ನೀಲಿ ಪ್ಲಾಸ್ಟಿಕ್ ಪೊರೆಯನ್ನು ನಾನು ಸುಲಿದೇ ಇರಲಿಲ್ಲ. ಹಸನಾಕ ಆ ಪೊರೆಯನ್ನು ನನ್ನ ಟೇಬಲಿನ ಗಾಜಿನಡಿ ಇಟ್ಟು, "ಇದು ಶಶಿಕಲಾಳ ಸರ್ಟಿಫಿಕೇಟು, ಯಾರೂ ತೆಗಿಬೇಡಿ" ಅಂದರು. ಬೈಗುಳ ಅಷ್ಟೇ. ಅವರು ಸಿಟ್ಟಾಗುತ್ತಿದ್ದುದು ಒಂದೇ ವಿಷಯಕ್ಕೆ, ಗ್ರಾಹಕರ ಮುಂದೆ ಸುಳ್ಳು ಹೇಳಿದರೆ.

ಈಗ ನಫೀಸಾಳ ಕತೆ.

ನಫೀಸಾ ನಂತೂರಿನಿಂದ ಸ್ವಲ್ಪ ಒಳಗೆ, ತಾಯಿಯ ಜೊತೆ ಇರುವ ಹುಡುಗಿ. ಅವಳದ್ದು ಮದುವೆ ವಿಡಿಯೋ ಕೆಲಸ, ಅದರಲ್ಲೂ ಹೆಂಗಸರ ಕಡೆಯದ್ದು ಮಾತ್ರ. ಬ್ಯಾರಿಗಳ ಅನೇಕ ಮನೆಗಳಲ್ಲಿ ಮದುವೆ ಹಾಲಿನ ಹೆಂಗಸರ ಭಾಗಕ್ಕೆ ಗಂಡಸು ಕ್ಯಾಮರಾದವರನ್ನು ಬಿಡುವುದಿಲ್ಲ. ತೆಗೆಯುವವಳೂ ಹೆಂಗಸೇ, ಕತ್ತರಿಸಿ ಜೋಡಿಸುವವಳೂ ಹೆಂಗಸೇ, ಮನೆಯವರ ಕೈ ಸೇರುವವರೆಗೆ ಹೊರಗಿನ ಗಂಡಸರ ಕಣ್ಣಿಗೆ ಬೀಳಬಾರದು. ಈ ಮಾತು ಉಳಿಸಿಕೊಂಡರೆ ಇನ್ನೊಂದು ಮದುವೆ ಸಿಗುತ್ತದೆ, ತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ. ಕಂಕನಾಡಿಯಲ್ಲಿ ಇಷ್ಟು ಅಂಗಡಿಗಳಿದ್ದರೂ ಅವಳು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದುದು ಸರ್ವಿಸ್ ಟೇಬಲಿನಲ್ಲಿ ಹೆಂಗಸು ಇದ್ದಾಳೆ ಎಂದೇ.

ಒಂದು ಸೋಮವಾರ ಕೇಸನ್ನು ರಿಕ್ಷಾದಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಳು. ಅದರ ಹಿಂದಿನ ವಾರ ಫೋನಿನಲ್ಲಿ ಡ್ರೈವ್ ಆರಿಸಿ ಆಗಿತ್ತು. ಆರಿಸಿದ್ದು ಹೇಗೆ ಎಂಬುದನ್ನು ದೀಕ್ಷಾ ಗಮನವಿಟ್ಟು ಓದಬೇಕು.

ಶಾರ್ಜಾದಲ್ಲಿರುವ ಅಣ್ಣ ಅವಳಿಗೊಂದು ಜಾಹೀರಾತಿನ ಚಿತ್ರ ಕಳಿಸಿದ್ದ. ಅತಿ ಹೊಸ ಐದನೇ ತಲೆಮಾರಿನ ಡ್ರೈವ್, ಅದರಷ್ಟು ವೇಗದ್ದು ಬೇರೆ ಇಲ್ಲವಂತೆ.

"ಅಣ್ಣ ಇದೇ ತಗೋ ಹೇಳ್ತಾನೆ ಶಶಿಯಕ್ಕ."

"ನಿನ್ನ ಅಣ್ಣ ಕಾರು ಒಳ್ಳೇದು ಆರಿಸಿದ್ದಾನೆ, ಆದ್ರೆ ನಿನ್ನ ಮನೆಗೆ ಹೋಗುವ ಓಣಿ ನೋಡಿಲ್ಲ. ನಿನ್ನ ಬೋರ್ಡು ಮೂರನೇ ತಲೆಮಾರಿಂದು ಮಾರಾಯ್ತಿ. ಇದನ್ನು ಹಾಕಿದ್ರೂ ಅದು ಬೋರ್ಡಿನ ವೇಗದಲ್ಲೇ ಓಡುದು."

"ಹಾಗಾದ್ರೆ ಕಡಿಮೆದು ಸಾಕಾ?"

"ಕಡಿಮೆದು ಬೇಡ. ಒಂದು ಮದುವೆಗೆ ಎಷ್ಟು ಜಿಬಿ ತರ್ತಿ?"

"ಆರ್ನೂರು, ಏಳ್ನೂರು. ಎಲ್ಲ ಒಂದೇ ಸಂಜೆ ಕಾಪಿ ಮಾಡ್ಬೇಕು."

ಇದೇ ಬೇಕಾದ ಉತ್ತರ. ಅಗ್ಗದ ದೊಡ್ಡ ಡ್ರೈವುಗಳಲ್ಲಿ ಒಂದೊಂದು ಕೋಶದಲ್ಲಿ ನಾಲ್ಕು ನಾಲ್ಕು ಬಿಟ್ ಮಾಹಿತಿ ತುರುಕಿರುತ್ತಾರೆ. ಸಿಟಿ ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ವರು ಕೂತ ಹಾಗೆ. ಜಾಗ ಸಿಗುತ್ತದೆ, ಇಳಿಯುವುದು ಹತ್ತುವುದು ನಿಧಾನ. ಮೊದಲ ಸ್ವಲ್ಪ ಹೊತ್ತು ಮಿಂಚಿನ ಹಾಗೆ ಬರೆದು, ಒಳಗಿನ ತಾತ್ಕಾಲಿಕ ಜಾಗ ತುಂಬಿದ ಕೂಡಲೇ ಕುಸಿದುಬಿಡುತ್ತವೆ. ಪತ್ರ ಟೈಪ್ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದೇ ಉಸಿರಿಗೆ ಏಳುನೂರು ಜಿಬಿ ಸುರಿಯುವ ನಫೀಸಾಳಂಥವರಿಗೆ ಸಂಜೆಯಿಡೀ ಹಾಳು. ಆದ್ದರಿಂದ ಅವಳಿಗೆ ಕೋಶಕ್ಕೆ ಮೂರು ಬಿಟ್ ಇರುವ, ಸ್ವಂತ ಮೆಮೊರಿ ಇರುವ, ಐದು ವರ್ಷದ ವಾರಂಟಿಯ, ನಾಲ್ಕು ಟಿಬಿಯ, ಅಂದರೆ ನಾಲ್ಕು ಸಾವಿರ ಜಿಬಿಯ ಡ್ರೈವ್ ಹೇಳಿದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವೇಗದ ಅಂಕಿಯನ್ನು ಕೊನೆಗೆ ನೋಡಬೇಕು. ಮೊದಲು ನೋಡಬೇಕಾದ್ದು ಅದು ಬರೆಯುತ್ತಾ ಬರೆಯುತ್ತಾ ಎಷ್ಟು ಹೊತ್ತು ತಾಳುತ್ತದೆ ಎಂಬುದನ್ನು.

ಸೋಮವಾರ ಅಂಗಡಿ ತುಂಬಾ ಜನ, ಎಲ್ಲ ಗಂಡಸರು. ನಾನು ಕೇಸ್ ಬಿಚ್ಚಿ, ಬೋರ್ಡಿನ ಎರಡನೇ ಸ್ಲಾಟಿಗೆ ಹೊಸ ಡ್ರೈವ್ ಕೂರಿಸಿದೆ. ನೀಲಿ ಪೊರೆಯನ್ನು ಎರಡೆರಡು ಸಲ ನೋಡಿ ಸುಲಿದೆ! ಇನ್ನು ನಮ್ಮ ಕ್ರಮದ ಪ್ರಕಾರ ಆನ್ ಮಾಡಿ, ಎಲ್ಲ ಡಿಸ್ಕುಗಳನ್ನೂ ಒಂದೊಂದಾಗಿ ತೆರೆದು, ಗ್ರಾಹಕರಿಗೆ ತೋರಿಸಿ ಕಳಿಸಬೇಕು.

ನಫೀಸಾ ನನ್ನ ಕೈ ಹಿಡಿದಳು. "ಅಕ್ಕ, ಇಲ್ಲಿ ಪೂರ್ತಿ ಆನ್ ಮಾಡ್ಬೇಡಿ. ಡೆಸ್ಕ್‌ಟಾಪ್ ತುಂಬಾ ಮದುಮಗಳ ಫೋಟೋಗಳೇ ಉಂಟು."

ಹಿಂದೆ ಮುಂದೆ ನೋಡಿದೆ. ಒಬ್ಬರು ಪ್ರಿಂಟರಿನ ಶಾಯಿಗೆ, ಇಬ್ಬರು ಚಾರ್ಜರಿಗೆ, ಎಲ್ಲರೂ ನನ್ನ ಟೇಬಲಿಗೇ ಆತು ನಿಂತಿದ್ದರು. ಅವಳು ಹೇಳಿದ್ದು ನ್ಯಾಯ. ಹಾಗಾಗಿ ವಿಂಡೋಸಿಗೆ ಹೋಗುವ ಮೊದಲೇ ಸೆಟ್ಟಿಂಗ್ ಪರದೆಯಲ್ಲಿ ನಿಲ್ಲಿಸಿದೆ. ಹೊಸ ಡ್ರೈವಿನ ಹೆಸರು, ನಾಲ್ಕು ಟಿಬಿ, ಎರಡೂ ಕಂಡವು. "ಬಂತು ನೋಡು" ಎಂದು ಮುಚ್ಚಿ ಕೊಟ್ಟೆ. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನ ಕ್ರಮ ತಪ್ಪಿಸಿದೆ, ಅದೂ ಒಳ್ಳೆಯ ಮನಸ್ಸಿನಿಂದ.

ಮಂಗಳವಾರ ಬೆಳಿಗ್ಗೆ ಅಂಗಡಿಯ ಬಾಗಿಲೆತ್ತುವಾಗಲೇ ಫೋನ್.

"ಶಶಿಯಕ್ಕ, ಹಳೆ ಡಿಸ್ಕ್ ಇಲ್ಲ!"

"ಇಲ್ಲ ಅಂದ್ರೆ ಎಂತ?"

"ಕಾಣುದಿಲ್ಲ. ಹೊಸತು ಉಂಟು, ವಿಂಡೋಸ್ ಉಂಟು. ಮದುವೆ ಇರುವ ಡಿಸ್ಕೇ ಇಲ್ಲ!" ಅವಳು ಅಳುತ್ತಿದ್ದಳು.

"ಕ್ಯಾಮರಾದ ಕಾರ್ಡಲ್ಲಿ ಉಂಟಲ್ವಾ?"

"ಅಳಿಸಿದ್ದೇನೆ ಅಕ್ಕ. ಮರುದಿನದ ಔತಣ ಶೂಟ್ ಮಾಡ್ಲಿಕ್ಕೆ ಕಾರ್ಡ್ ಬೇಕಿತ್ತು. ಔತಣದ್ದನ್ನೂ ಕಾಪಿ ಮಾಡಿ ಅಳಿಸಿಯಾಯ್ತು."

ಮೆಹೆಂದಿ, ಮದುವೆ, ಔತಣ, ಮೂರು ದಿನದ ಹೆಂಗಸರ ಕಡೆಯದ್ದೆಲ್ಲ ಆ ಹಳೆಯ ಡಿಸ್ಕಿನಲ್ಲಿ, ಬೇರೆಲ್ಲೂ ಇಲ್ಲ. ಮದುಮಗಳು ಶುಕ್ರವಾರದ ವಿಮಾನದಲ್ಲಿ ಗಂಡನ ಜೊತೆ ದಮ್ಮಾಮಿಗೆ ಹೋಗುವವಳು. ಹೋಗುವ ಮೊದಲು ವಿಡಿಯೋ ಕೊಡುತ್ತೇನೆ ಎಂದು ನಫೀಸಾ ಮಾತು ಕೊಟ್ಟಿದ್ದಳು. ಅವಳಿಗೆ ಸಿಕ್ಕ ಮೊದಲ ದೊಡ್ಡ ಮದುವೆ ಅದು.

"ಅಣ್ಣ ಹೇಳ್ತಾನೆ, ರಿಕವರಿ ಮಾಡುವವರಿಗೆ ಕಳಿಸು ಅಂತ. ಅಲ್ಲಿ ಗಂಡಸರು ತೆರೆದು ನೋಡ್ತಾರಲ್ಲ ಅಕ್ಕ? ನಾನು ಆ ಹೆಂಗಸರ ಮುಖ ಹೇಗೆ ನೋಡುದು?"

"ಎಲ್ಲಿಗೂ ಕಳಿಸ್ಬೇಡ. ಆಫ್ ಮಾಡು, ಏನೂ ಮುಟ್ಬೇಡ. ನಾನೇ ಬರ್ತೇನೆ."

ಹಸನಾಕ ಕ್ಯಾಶಿನಲ್ಲಿ ಕೂತಿದ್ದರು. ನಡೆದದ್ದು ಹೇಳಿದೆ, ನಿನ್ನೆ ಪೂರ್ತಿ ಪರೀಕ್ಷೆ ಮಾಡದೇ ಕಳಿಸಿದ್ದನ್ನೂ ಹೇಳಿದೆ. ಅವರು ಕ್ಯಾಶಿನ ಡ್ರಾವರು ಮುಚ್ಚಿ ಎದ್ದರು. "ಅವಳು ಹೇಳಿದ್ದು ತಪ್ಪಲ್ಲ. ನೀನು ಕೇಳಿದ್ದೂ ತಪ್ಪಲ್ಲ. ಪರೀಕ್ಷೆ ಬಿಟ್ಟದ್ದು ತಪ್ಪು. ಹೋಗು, ಸರಿ ಮಾಡಿಯೇ ಬಾ. ನಿನ್ನ ಟೇಬಲ್ ನಾನು ನೋಡ್ಕೊಳ್ತೇನೆ."

"ನಿಮಗೆ ಸ್ಕ್ರೂ ಕಾಣ್ತದಾ ಹಸನಾಕ?"

"ಸ್ಕ್ರೂ ಕಾಣ್ಲಿಕ್ಕಿಲ್ಲ. ಗಿರಾಕಿ ಕಾಣ್ತಾರಲ್ಲ, ಮಾತಾಡಿಸ್ತೇನೆ."

ಬಸ್ಸು ನಂತೂರಿನ ಸರ್ಕಲಿನಲ್ಲಿ ಲಾರಿಗಳ ಮಧ್ಯೆ ಸಿಕ್ಕಿಕೊಂಡಿತು. ಸಿಗ್ನಲ್ಲಿಗೆ ಕಾಯುವ ಬದಲು ಇಳಿದು ನಡೆದೆ, ಅಲ್ಲ, ಓಡಿದೆ. ದಾರಿಯಲ್ಲಿ ಇದ್ದದ್ದು ಒಂದೇ ಯೋಚನೆ: ಕೇಬಲ್ ಕಿತ್ತು ಹೋಗಿರಲಿ ದೇವರೇ, ಬರೇ ಕೇಬಲ್.

ಬಾಗಿಲಲ್ಲಿ ನಫೀಸಾಳ ತಾಯಿ ನಿಂತಿದ್ದರು. ನಾನೂ ಅವರನ್ನು ಉಮ್ಮ ಎಂದೇ ಕರೆಯುವುದು. "ಈ ಮದುವೆ ಶುರುವಾದಲ್ಲಿಂದ ಸರಿ ಊಟ ಇಲ್ಲ, ನಿದ್ದೆ ಇಲ್ಲ ಇವಳಿಗೆ" ಎಂದು ಒಳಗೆ ಕರೆದು, ಹಿಂದೆಯೇ ಬಾಗಿಲ ಚಿಲಕ ಹಾಕಿದರು. "ಇನ್ನು ಯಾರೂ ಬರುದಿಲ್ಲ. ನೀವು ಬಿಚ್ಚಿ."

ನೆಲದ ಮೇಲೆ ಚಾಪೆ ಹಾಸಿ ಕೇಸ್ ಮಲಗಿಸಿದೆ. ಹಳೆಯ ಡಿಸ್ಕಿನ ಕೇಬಲ್ ಗಟ್ಟಿಯಾಗಿತ್ತು. ತೆಗೆದು ಮತ್ತೆ ಚುಚ್ಚಿದೆ. ಆನ್ ಮಾಡಿದೆ. ಇಲ್ಲ. ಚೀಲದಲ್ಲಿದ್ದ ಬೇರೆ ಕೇಬಲ್ ಹಾಕಿದೆ. ಇಲ್ಲ. ನಫೀಸಾ ಗೋಡೆಗೆ ಒರಗಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣುಗಳ ಮುಂದೆ ಕೆಲಸ ಮಾಡುವುದು ಕಷ್ಟ.

ಬಗ್ಗಿ ಡಿಸ್ಕಿಗೆ ಕಿವಿಯಿಟ್ಟೆ. ಗುಂಯ್ ಎಂದು ಸಮನಾಗಿ ತಿರುಗುತ್ತಿತ್ತು. ಟಕ್ ಟಕ್ ಇಲ್ಲ, ಕೆರೆತವಿಲ್ಲ. "ಇದು ಸತ್ತಿಲ್ಲ ನಫೀಸಾ. ಆರಾಮಾಗಿ ಉಂಟು. ಬೋರ್ಡೇ ಇದನ್ನು ಮಾತಾಡಿಸ್ತಾ ಇಲ್ಲ."

"ನಿನ್ನೆವರೆಗೆ ಮಾತಾಡಿಸ್ತಿತ್ತಲ್ಲ?"

ಹೌದಲ್ಲ! ನಿನ್ನೆವರೆಗೆ. ಹೊಸತು ಬಂದ ಮೇಲೆ ಹಳೆಯದು ಹೋಯಿತು. ತಲೆಯೊಳಗೆ ಏನೋ ಅಲುಗಿತು. "ಬೋರ್ಡಿನ ಪುಸ್ತಕ ಉಂಟಾ? ಪೆಟ್ಟಿಗೆಯಲ್ಲಿ ಬಂದಿತ್ತಲ್ಲ, ಸಣ್ಣದು."

ನಫೀಸಾ ತಲೆಯಾಡಿಸಿದಳು, ಗೊತ್ತಿಲ್ಲ. ಉಮ್ಮ ಒಳಗೆ ಹೋಗಿ, ಕಪಾಟಿನಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ತಂದರು. ರೇಷನ್ ಕಾರ್ಡ್, ಮಿಕ್ಸಿಯ ಗ್ಯಾರಂಟಿ, ಫ್ರಿಜ್ಜಿನ ಬಿಲ್ಲು, ಅವುಗಳ ಮಧ್ಯೆ ಬೋರ್ಡಿನ ಪುಸ್ತಕ.

"ಕಾಗದ ಬಿಸಾಡ್ಬಾರ್ದು" ಅಂದರು ಉಮ್ಮ. "ಇವಳು ನಗಾಡ್ತಾಳೆ ನನಗೆ."

ಆ ಪುಸ್ತಕದ ಅಕ್ಷರ ನನ್ನ ಕನ್ನಡಕಕ್ಕೂ ನಿಲುಕಲಿಲ್ಲ. ನಫೀಸಾ ಬೆಳಕಿಗೆ ಹಿಡಿದು ಒಂದೊಂದೇ ಸಾಲು ಓದಿದಳು. ಸ್ಲಾಟುಗಳ ಪುಟ, ಅದರ ಕೆಳಗೊಂದು ನಕ್ಷತ್ರ ಚಿಹ್ನೆ, ಅದರ ಪಕ್ಕ ಇರುವೆಯಂಥ ಅಕ್ಷರದಲ್ಲಿ ಒಂದು ಟಿಪ್ಪಣಿ. ಎರಡನೇ ಸ್ಲಾಟಿನಲ್ಲಿ ಡ್ರೈವ್ ಇದ್ದರೆ ಡಿಸ್ಕಿನ ಕೇಬಲ್ ಚುಚ್ಚುವ ಐದನೇ ಮತ್ತು ಆರನೇ ಪೋರ್ಟುಗಳು ಕೆಲಸ ಮಾಡುವುದಿಲ್ಲ.

ಒಂದೇ ದಾರಿಯನ್ನು ಇಬ್ಬರಿಗೆ ಹಂಚಿದ್ದಾರೆ! ಹೊಸಬ ಬಂದರೆ ಹಳಬನಿಗೆ ಗೇಟು ಬಂದ್. ಕೇಸಿನೊಳಗೆ ಟಾರ್ಚ್ ಹಾಕಿ ನೋಡಿದೆ. ಹಳೆಯ ಡಿಸ್ಕಿನ ಕೇಬಲ್ ಐದನೇ ಪೋರ್ಟಿನಲ್ಲೇ ಇತ್ತು. ವರ್ಷಗಳ ಹಿಂದೆ ಅದನ್ನು ಅಲ್ಲಿ ಚುಚ್ಚಿದವಳೂ ನಾನೇ, ಕೈಗೆ ಸುಲಭ ಸಿಗುತ್ತದೆ ಎಂದು.

"ನನ್ನದೇ ತಪ್ಪು ನಫೀಸಾ. ಎರಡು ಸಲವೂ ನನ್ನದೇ."

"ತಪ್ಪು ಆಮೇಲೆ ಹೇಳಿ ಅಕ್ಕ, ಮೊದ್ಲು ಹಾಕಿ!"

ಆಫ್ ಮಾಡಿ, ಕೇಬಲನ್ನು ಎರಡನೇ ಪೋರ್ಟಿಗೆ ಬದಲಾಯಿಸಿದೆ. ಸ್ವಿಚ್ ಒತ್ತಲು ಅವಳಿಗೇ ಹೇಳಿದೆ. ವಿಂಡೋಸ್ ಬಂತು. ಡೆಸ್ಕ್‌ಟಾಪಿನಲ್ಲಿ ಕೆಂಪು ಸೀರೆಯ ಮದುಮಗಳು ಬಂದಳು. ನಫೀಸಾ ಡಿಸ್ಕುಗಳ ಪಟ್ಟಿ ತೆರೆದಳು. ಒಂದು, ಎರಡು, ಮೂರು.

ಅವಳು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿ, "ಎಂತಾಯ್ತು, ಹಾವಾ?" ಎಂದು ಕೇಳಿದರು. "ಹಾವಲ್ಲ, ಮದುವೆ ಸಿಕ್ತು" ಎಂದರು ಉಮ್ಮ.

ಫೋಲ್ಡರ್ ತೆರೆದಾಗ ಎಲ್ಲವೂ ಇತ್ತು. ಇನ್ನು ಹೊಸದಕ್ಕೆ ಕಾಪಿ. ದೀಕ್ಷಾ, ಇಲ್ಲೊಂದು ವಿಷಯ: ಹೊಸ ಡ್ರೈವ್ ಎಷ್ಟೇ ವೇಗದ್ದಾದರೂ ಹಳೆಯ ಡಿಸ್ಕ್ ಬಡಿಸುವಷ್ಟನ್ನೇ ಅದು ಉಣ್ಣಬೇಕು. ಎರಡು ಗಂಟೆ ಹಿಡಿಯುತ್ತದೆ ಎಂದು ಪರದೆ ಹೇಳಿತು. "ಇದಾ ನಿಮ್ಮ ಫಾಸ್ಟು?" ಎಂದು ನಫೀಸಾ ನನ್ನನ್ನೇ ಚುಚ್ಚಿದಳು. ಅಳು ನಿಂತಿತ್ತು ಎಂದು ಅರ್ಥ.

ಉಮ್ಮ ಬಗ್ಗಿ ಕೇಸಿನೊಳಗೆ ನೋಡಿದರು. "ಯಾವುದು ಹೊಸತು? ಈ ಪಟ್ಟಿಯಾ? ಇದರೊಳಗೆ ಇಡೀ ಮದುವೆ ಹಿಡೀತದಾ?"

"ಒಂದಲ್ಲ ಉಮ್ಮ, ಐದು ಮದುವೆ ಹಿಡೀತದೆ."

"ಹಾಗಾದ್ರೆ ಜನ ಹಾಲಿಗೆ ಯಾಕೆ ಹೋಗುದು?"

ಕಾಪಿ ಮುಗಿದ ಮೇಲೆ ಅವಳು ಎಡಿಟಿಂಗ್ ತೆರೆದು, ಮೆಹೆಂದಿ ದಿನದ ದೃಶ್ಯವನ್ನು ಹೊಸ ಡ್ರೈವಿನಿಂದ ಎಳೆದಳು. ಮೊದಲಾದರೆ ಪ್ರತಿ ಎಳೆತಕ್ಕೂ ಚಿತ್ರ ಕಲ್ಲಾಗಿ ನಿಲ್ಲುತ್ತಿತ್ತು. ಈಗ ಬೆರಳು ಹೋದಲ್ಲಿ ಚಿತ್ರ ಹೋಯಿತು! ಮುಂದೆ, ಹಿಂದೆ, ಮತ್ತೆ ಮುಂದೆ. ಮದುಮಗಳ ಅಜ್ಜಿ ಚಪ್ಪಾಳೆ ತಟ್ಟಿ ಹಾಡುತ್ತಿದ್ದರು, ಒಂದು ಚಪ್ಪಾಳೆಯೂ ತಪ್ಪಲಿಲ್ಲ. ಮೂವರೂ ಪರದೆಗೆ ಮುಖ ಅಂಟಿಸಿ, ಕೆಲಸ ಮರೆತು, ಅಜ್ಜಿಯನ್ನು ನಾಲ್ಕು ಸಲ ಹಾಡಿಸಿದೆವು. ಈ ಉದ್ಯೋಗದಲ್ಲಿ ನಮಗೆ ಸಿಗುವುದು ಇಂಥ ಗಳಿಗೆಗಳು. ಅದಕ್ಕಾಗಿ ನೆಲದಲ್ಲಿ ಸ್ಕ್ರೂ ಹುಡುಕಬಹುದು.

ವಿಡಿಯೋ ಗುರುವಾರ ಮಧ್ಯಾಹ್ನ ಮದುಮಗಳ ಕೈ ಸೇರಿತು. ಅಂಗಡಿಯಲ್ಲಿ ಹಸನಾಕ ಅದೇ ವಾರ ತಮ್ಮ ಮನೆಯ ಹೂವಿನ ಪರದೆಯೊಂದನ್ನು ತಂದು, ನನ್ನ ಟೇಬಲಿನ ಮೂಲೆಗೆ ಸರಿಗೆ ಕಟ್ಟಿ ತೂಗು ಹಾಕಿದರು. "ಇದೆಂತ ಹಸನಾಕ, ಎಕ್ಸ್‌ರೇ ರೂಮಾ?" ಎಂದು ಬಂದವರೆಲ್ಲ ನಗಾಡಿದರು. ನಕ್ಕವರೇ ಆಮೇಲೆ ತಮ್ಮ ಮನೆಯವರ ಲ್ಯಾಪ್‌ಟಾಪ್ ತಂದು, "ಪರದೆ ಒಳಗೆ ನೋಡಿ ಅಕ್ಕ" ಎನ್ನತೊಡಗಿದರು. ಗ್ರಾಹಕರ ಮರ್ಯಾದೆಗಾಗಿ ಪರೀಕ್ಷೆ ಬಿಡಬೇಡಿ, ಪರೀಕ್ಷೆಗೊಂದು ಮರೆ ಮಾಡಿ. ಮತ್ತೆ ಎರಡು ಕಡೆ ಇರದ ಯಾವುದನ್ನೂ ಇದೆ ಎಂದು ಲೆಕ್ಕ ಹಿಡಿಯಬೇಡಿ.

ಆ ಮಂಗಳವಾರ ನನ್ನನ್ನು ಉಣ್ಣದೆ ಹೋಗಲು ಉಮ್ಮ ಬಿಡಲಿಲ್ಲ. ಪುಟ್ಟ ಪುಟ್ಟ ಅಕ್ಕಿಯುಂಡೆಗಳನ್ನು ಹಾಕಿ ಬೇಯಿಸಿದ ಕೋಳಿ ಸಾರು, ಅದಕ್ಕೆ ಅವರು ಪಿಂಡಿ ಎನ್ನುತ್ತಾರೆ. ಜೊತೆಗೆ ಹುರಿದ ಬಂಗುಡೆ, ಮಾವಿನ ಉಪ್ಪಿನಕಾಯಿ. ಕೇಸಿನ ಪಕ್ಕದ ಅದೇ ಚಾಪೆಯಲ್ಲಿ ಕೂತು ಉಂಡೆವು. ನಫೀಸಾ ಎರಡು ಸಲ ಹಾಕಿಸಿಕೊಂಡಳು. ಮೂರನೇ ಸಲಕ್ಕೆ ಉಮ್ಮ ಸೌಟು ಎತ್ತಿದಾಗ ಅವಳು ಗೋಡೆಗೆ ಒರಗಿ, ಬಟ್ಟಲು ಮಡಿಲಲ್ಲೇ ಇಟ್ಟುಕೊಂಡು, ಕೈ ತೊಳೆಯದೆ ನಿದ್ದೆ ಹೋಗಿದ್ದಳು.

"ಏಳಿಸುದಾ ಉಮ್ಮ? ಎಡಿಟಿಂಗ್ ಬಾಕಿ ಉಂಟಲ್ಲ ಅವಳಿಗೆ."

ಉಮ್ಮ ಮೆಲ್ಲ ಬಟ್ಟಲು ತೆಗೆದು, ಒದ್ದೆ ಬಟ್ಟೆಯಿಂದ ಮಗಳ ಬೆರಳುಗಳನ್ನು ಒಂದೊಂದಾಗಿ ಒರೆಸಿದರು. "ಅದು ಈಗ ಎಲ್ಲಿಗೂ ಹೋಗುದಿಲ್ಲ ಅಲ್ವಾ?"

"ಇಲ್ಲ ಉಮ್ಮ. ಎರಡು ಕಡೆ ಉಂಟು."

"ಮತ್ತೆಂತ. ಒಂದು ಗಂಟೆ ಮಲಗ್ಲಿ."

ನಾನು ಟೂಲುಗಳನ್ನು ಚೀಲಕ್ಕೆ ತುಂಬಿಸಿ ಏಳುವಷ್ಟರಲ್ಲಿ ಉಮ್ಮನೂ ಮಗಳ ಪಕ್ಕ ತಲೆಯ ಶಾಲು ಎಳೆದುಕೊಂಡು ಅಡ್ಡಾಗಿದ್ದರು. ಚಿಲಕ ನಾನೇ ತೆಗೆದೆ, ಸದ್ದಾಗದ ಹಾಗೆ.